ದುಂಬಿಯೂ ಅಲ್ಲ, ಸೊಳ್ಳೆಯೂ ಅಲ್ಲ

ನನ್ನ ತಂಗಿ ಕಂಪ್ಯೂಟರಿನ ಸ್ಪೀಕರಿನಲ್ಲಿ ಸದ್ದು ಬರುತ್ತದೆ ಎಂದಾಗಲೆಲ್ಲ ನಾನು ಸ್ಪೀಕರ್ ಬಿಚ್ಚಿದೆ. ಒಂದು ಸಲವೂ ಅವಳ ಕಿವಿಯನ್ನು ವಿಚಾರಿಸಲಿಲ್ಲ. ಕೊಟ್ಟೂರಿನಲ್ಲಿ ಮೈಕ್ ಸೆಟ್ ಇಟ್ಟುಕೊಂಡು ಬದುಕಿದವನು ನಾನು. ಯಾವ ಸದ್ದು ಎಲ್ಲಿಂದ ಬರುತ್ತದೆ ಎಂದು ಕಂಡುಹಿಡಿಯುವುದೇ ನನ್ನ ಕೆಲಸ. ಅಂಥವನಿಗೆ ಒಡಹುಟ್ಟಿದವಳ ಎಡಗಿವಿ ಮಂದವಾಗುತ್ತ ಬಂದದ್ದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದರೂ ಅದು ಅರ್ಧ ಮಾತೇ. ಅದಕ್ಕೂ ಬಹಳ ಹಿಂದೆ ನನ್ನ ಕೈಯಿಂದ ಆದದ್ದು ಒಂದಿದೆ. ಅದನ್ನು ಅವಳ ಎದುರು ಬಾಯಿ ಬಿಟ್ಟು ಹೇಳುವ ಹೊತ್ತಿಗೆ ಇಬ್ಬರ ತಲೆಯಲ್ಲೂ ಬಿಳಿ ಕೂದಲು ಕಾಣಿಸಿಕೊಂಡಿದ್ದವು.

ಏಳನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು. ಅಪ್ಪ ಶೇಂಗಾ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ನಾನು ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಬೆಸುಗೆ ಹಾಕುವುದನ್ನು ಕಲಿತು, ತೊಂಬತ್ತರ ದಶಕದ ಮೊದಲಿಗೆ ಸ್ವಂತ ಮೈಕ್ ಸೆಟ್ ಮಾಡಿಕೊಂಡೆ. ಒಂದು ಆಂಪ್ಲಿಫೈಯರ್, ಒಂದು ಜೊತೆ ಹಾರ್ನ್, ಒಂದು ಜೊತೆ ದೊಡ್ಡ ಬಾಕ್ಸ್, ಹಳೆಯ ಟೇಪ್ ರೆಕಾರ್ಡರ್, ಒಂದು ಮೈಕು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಹಳ್ಳಿಗಳಿಗೆ ಬಸ್ಸಿನ ಮೇಲೆ ಇವನ್ನೆಲ್ಲ ಕಟ್ಟಿಕೊಂಡು ಹೋಗುತ್ತಿದ್ದೆ. ಮದುವೆ, ಸೀಮಂತ, ಶ್ರಾವಣದ ಭಜನೆ, ಯಾವುದಾದರೂ ಸರಿ.

ತಂಗಿ ನನಗಿಂತ ಬಹಳ ಚಿಕ್ಕವಳು. ಶಾಲೆಗೆ ರಜೆ ಬಂದರೆ ಸಾಕು, ತಾನೂ ಬರುತ್ತೇನೆಂದು ಹಟ ಹಿಡಿಯುತ್ತಿದ್ದಳು. "ಕರ್ಕೊಂಡು ಹೋಗೋ, ಮದುವಿ ಊಟಾನಾರ ಉಂಡು ಬರ್ತಾಳ," ಎಂದು ಅವ್ವ ಕಳಿಸುತ್ತಿದ್ದಳು. ಊಟಕ್ಕೆ ಅಂತಲೇ ಕರೆದುಕೊಂಡು ಹೋದೆ. ಆದರೆ ಕೆಲವೇ ದಿನಗಳಲ್ಲಿ ಅವಳಿಲ್ಲದೆ ನನ್ನ ಕೆಲಸ ಸಾಗದಂತಾಯಿತು.

ಹಳ್ಳಿಗಳಲ್ಲಿ ಕರೆಂಟನ್ನು ಸಿಕ್ಕ ಕಡೆಯಿಂದ ಎಳೆದುಕೊಳ್ಳಬೇಕು. ಹಿಟ್ಟಿನ ಗಿರಣಿಯಿಂದ, ಗುಡಿಯಿಂದ, ಪಕ್ಕದ ಮನೆಯ ಕಿಟಕಿಯಿಂದ. ಹಾಗೆ ಎಳೆದ ಕರೆಂಟಿನ ಜೊತೆ ಬೇಡದ ಸದ್ದೂ ಬರುತ್ತದೆ. ಪೂಜಾರಿ ಮೈಕಿನ ಮುಂದೆ ಬಾಯಿ ತೆರೆಯುವ ಮೊದಲೇ ಬಾಕ್ಸು ಗುಂಯ್ ಎನ್ನುತ್ತಿರುತ್ತದೆ. ಮದುವೆ ಮನೆಯ ಗದ್ದಲದಲ್ಲಿ ನನಗೆ ಅದು ಸರಿಯಾಗಿ ತಿಳಿಯುತ್ತಿರಲಿಲ್ಲ. ತಂಗಿ ಬಾಕ್ಸಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಡಾಕ್ಟರರ ಹಾಗೆ ತೀರ್ಪು ಹೇಳುತ್ತಿದ್ದಳು.

"ಯಣ್ಣಾ, ದುಂಬಿ."

ಇಲ್ಲವೆ, "ಸೊಳ್ಳಿ ಐತಿ ನೋಡು."

ಇಲ್ಲವೆ, "ಒಗ್ಗರಣಿ!"

ಹೆಸರುಗಳನ್ನು ಇಟ್ಟವಳು ಅವಳೇ. ದಪ್ಪನೆಯ ಗುಂಯ್‌ಗುಡುವಿಕೆ ಬಂದರೆ ದುಂಬಿ. ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ವೈರು ಸರಿಯಿಲ್ಲ ಎಂದು ನಾನು ತಿಳಿಯಬೇಕು. ತೆಳ್ಳಗೆ ಜೀಂಯ್ ಎಂದರೆ ಸೊಳ್ಳೆ. ಮೈಕಿನ ವೈರು ಎಲ್ಲೋ ಟ್ಯೂಬ್‌ಲೈಟಿನ ಪಕ್ಕ ಹಾದಿದೆ. ಚಟಚಟ ಸಿಡಿದರೆ ಒಗ್ಗರಣೆ. ವೈರಿನ ಬೆಸುಗೆ ಬಿಟ್ಟಿದೆ. ಅವಳು ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ. "ನನ್ನ ತಂಗಿ ಕಿವಿ ಅಂದ್ರ ಮೀಟರ್ ಇದ್ದಂಗ," ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅವಳು ಪಿಯುಸಿ ಮುಗಿಸಿ, ಕೂಡ್ಲಿಗಿಯಲ್ಲಿ ಕಂಪ್ಯೂಟರ್ ಕಲಿತಳು. ನಮ್ಮ ಮನೆತನದಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. ಹಗರಿಬೊಮ್ಮನಹಳ್ಳಿಗೆ ಮದುವೆಯಾಗಿ ಹೋದಳು. ಗಂಡನಿಗೆ ಗೊಬ್ಬರದ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲಿ ಅವಳು ಒಂದು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಆಗ ಟೇಪ್ ರೆಕಾರ್ಡರ್ ಹೋಗಿ ಸಿಡಿ ಬರುತ್ತಿದ್ದ ಕಾಲ. ಮನೆಮನೆಯಲ್ಲೂ ಹಳೆಯ ಕ್ಯಾಸೆಟ್ಟುಗಳಿದ್ದವು. ಯಾರದೋ ಮದುವೆಯ ಸೋಬಾನೆ ಪದ, ಯಾರದೋ ಅಜ್ಜನ ಮಾತು. ಅವನ್ನು ಸಿಡಿಗೆ ಹಾಕಿಕೊಡುತ್ತೇನೆಂದು ಬಾಗಿಲ ಮೇಲೆ ಬೋರ್ಡು ಬರೆಸಿದಳು. ಆ ಕೆಲಸ ಅವಳಿಗೆ ಬಲು ಇಷ್ಟ. ಟೈಪಿಂಗ್ ಯಾರಾದರೂ ಮಾಡುತ್ತಾರೆ, ಇದಕ್ಕೆ ಕಿವಿ ಬೇಕು ಎಂದು ನನಗೇ ಹೇಳುತ್ತಿದ್ದಳು.

ಮೊದಲ ಸಲ ಅವಳು ಕರೆದಾಗ ಸ್ಪೀಕರಿನಲ್ಲಿ ನಿಜವಾಗಿಯೂ ಸದ್ದಿತ್ತು. ಒಳಗೆ ಕಾಲಿಡುವಾಗಲೇ ನನಗೂ ಕೇಳಿಸಿತು.

"ದುಂಬಿ ಅಲ್ಲೇನ?" ಎಂದೆ.

"ಮತ್ತ? ನಮ್ಮನ್ನ ಹುಡುಕ್ಕೊಂಡು ಇಲ್ಲಿಗೂ ಬಂದೈತಿ," ಎಂದು ನಕ್ಕಳು.

ಸ್ಪೀಕರಿನ ಜಾಕನ್ನು ಕಂಪ್ಯೂಟರಿನಿಂದ ಕಿತ್ತೆ. ಸದ್ದು ನಿಂತಿತು. ಅಂದರೆ ಸ್ಪೀಕರಿನದು ತಪ್ಪಲ್ಲ, ಕಂಪ್ಯೂಟರಿನ ಕಡೆಯಿಂದ ಬರುತ್ತಿದೆ. ಟೇಪ್ ರೆಕಾರ್ಡರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದು ಗೋಡೆಯದರಲ್ಲಿ ಇತ್ತು. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿದೆ. ಕರೆಂಟಿನ ವೈರೂ ಸದ್ದಿನ ವೈರೂ ಜಡೆ ಹೆಣೆದ ಹಾಗೆ ಸುತ್ತಿಕೊಂಡಿದ್ದವು. ಬಿಡಿಸಿ ದೂರ ಮಾಡಿದೆ. ದುಂಬಿ ಸಣ್ಣದಾಯಿತು, ಹೋಗಲಿಲ್ಲ. ಪ್ಲಗ್ಗಿನ ಮೂರನೇ ತೂತು ನೋಡಿದೆ. ಅದರ ಹಿಂದೆ ವೈರೇ ಇರಲಿಲ್ಲ. ಇಡೀ ಮನೆಗೆ ಅರ್ಥ್ ಇಲ್ಲ. ಕಂಪ್ಯೂಟರಿನ ಡಬ್ಬಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು.

ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿದೆ. ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಒಂದರ ಮೇಲೊಂದು ಹಾಕಿ ಮುಚ್ಚಿ, ಅಲ್ಲಿಂದ ಪ್ಲಗ್ಗಿಗೆ ವೈರು ಎಳೆದೆ. ತಂಗಿಯ ಅತ್ತೆ ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬೀಗರ, ಒಂದು ಡಬ್ಬಿ ಉಪ್ಪು ಪೂರಾ ಸುರುವಿದ್ರಲ್ರಿ. ಏನು ಬೆಳೀತೈತ್ರಿ ಇದರಾಗ?"

"ಏನೂ ಬೆಳಿಯಂಗಿಲ್ರಿ ಅತ್ತಿ. ಸದ್ದು ನುಂಗ್ತೈತಿ. ಆದ್ರ ದಿನಾ ನೀರು ಹಾಕಬೇಕ್ರಿ. ನಮ್ಮ ಕಡಿ ನೆಲ ಒಣಗಿದ್ರ ಮತ್ತ ಗುಂಯ್ ಅಂತೈತಿ."

"ನಿಮ್ಮ ತಂಗಿಗೆ ತುಳಸಿ ಒಂದಿತ್ತು, ಈಗ ಪೈಪಿಗೂ ಪೂಜಿ ಶುರುವಾತು ಬಿಡ್ರಿ!"

ನಿಜವಾಗಿಯೂ ಹಾಗೇ ಆಯಿತು. ತಂಗಿ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಉಳಿದದ್ದನ್ನು ಪೈಪಿನ ಬುಡಕ್ಕೆ ಹಾಕುತ್ತಿದ್ದಳು. ಅಕ್ಕಿ ತೊಳೆದ ನೀರೂ ಅದಕ್ಕೇ. ದುಂಬಿ ಮತ್ತೆ ಬರಲಿಲ್ಲ.

ಆಮೇಲೆ ಕೆಲವು ವರ್ಷಕ್ಕೆ ಮತ್ತೆ ಕರೆ ಬಂತು. "ಅಣ್ಣ, ಸದ್ದು ಬರಾಕತ್ತೈತಿ." ಹೋದೆ. ನನಗೇನೂ ಕೇಳಿಸಲಿಲ್ಲ. ಆದರೂ ಅವಳ ಕಿವಿಯ ಮೇಲೆ ನನಗಿದ್ದ ನಂಬಿಕೆಗೆ ಸ್ಪೀಕರ್ ಬಿಚ್ಚಿ ಒಳಗಿನ ಕೆಪಾಸಿಟರ್ ಬದಲಿಸಿದೆ. ಮುಂದಿನ ಸಲ ಟ್ಯೂಬ್‌ಲೈಟನ್ನು ಆಚೆ ಗೋಡೆಗೆ ಸರಿಸಿದೆ. ಅದರ ಮುಂದಿನ ಸಲ ಸ್ಪೀಕರನ್ನೇ ಬದಲಿಸಿದೆ. ಪ್ರತಿ ಸಲವೂ ಅವಳು ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡು, ನನಗೆ ಬೇಜಾರಾಗದಿರಲಿ ಎಂಬಂತೆ ಮೆಲ್ಲಗೆ, "ಇನ್ನೂ ಐತಿ," ಎನ್ನುತ್ತಿದ್ದಳು.

"ದುಂಬೀನೋ ಸೊಳ್ಳೀನೋ ಹೇಳು ಮೊದಲ."

"ಎರಡೂ ಅಲ್ಲ ಅಣ್ಣ. ಸಣ್ಣೋರಿದ್ದಾಗ ಮಾಗಳದಾಗ ಅಜ್ಜಿ ಮನಿ ಅಂಗಳದಾಗ ಮಲಗಿದ್ರ, ದೂರದಿಂದ ಹೊಳಿ ಸದ್ದು ಬರ್ತಿತ್ತಲ್ಲ, ಹಂಗ. ನಿಲ್ಲದಂಗ, ಒಂದೇ ಸಮ."

"ಸ್ಪೀಕರಿನ್ಯಾಗ ಹೊಳಿ ಎಲ್ಲಿಂದ ಬರಬೇಕಲೇ!" ಎಂದು ನಕ್ಕುಬಿಟ್ಟೆ.

ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ತುಂಗಭದ್ರೆಯ ದಂಡೆಯ ಆ ಸದ್ದು ನನಗೂ ಗೊತ್ತು. ಅದೇ ಅಂಗಳದಲ್ಲಿ ಅವಳ ಪಕ್ಕದಲ್ಲೇ ಮಲಗಿದವನು ನಾನು. ಯಾವ ವೈರೂ, ಯಾವ ಟ್ಯೂಬ್‌ಲೈಟಿನ ಚೋಕೂ ಅಂಥ ಸದ್ದು ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಹಾಗಾದರೆ ಅದು ಎಲ್ಲಿಂದ ಬರುತ್ತದೆ ಎಂದು ಒಂದು ಹೆಜ್ಜೆ ಮುಂದೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ.

ಆ ದಿನಗಳಲ್ಲೇ ಕಾನಹೊಸಹಳ್ಳಿ ಕಡೆಯ ಒಬ್ಬ ಅಜ್ಜ ಅವಳಿಗೆ ಒಂದು ಕ್ಯಾಸೆಟ್ ತಂದುಕೊಟ್ಟಿದ್ದರು. ತೀರಿಕೊಂಡ ಹೆಂಡತಿ ಯಾವುದೋ ಮದುವೆಯಲ್ಲಿ ಹಾಡಿದ ಸೋಬಾನೆ ಪದಗಳು. ತಂಗಿ ಅದನ್ನು ಕಂಪ್ಯೂಟರಿಗೆ ಏರಿಸಿದಳು. ಹಾಡಿನ ಹಿಂದೆ ಸದ್ದಿದೆ ಅನ್ನಿಸಿತು. ಕಂಪ್ಯೂಟರಿನಲ್ಲಿ ಸದ್ದು ಸೋಸುವ ಉಪಾಯವೊಂದಿತ್ತು, ಸೋಸಿದಳು. ಇನ್ನೂ ಇದೆ ಅನ್ನಿಸಿತು, ಮತ್ತೆ ಸೋಸಿದಳು. ಹೀಗೆ ಸೋಸಿ ಸೋಸಿ, ಸದ್ದಿನ ಜೊತೆಗೆ ಆ ಹೆಣ್ಣುಮಗಳ ದನಿಯಲ್ಲಿದ್ದ ತೂಕವೆಲ್ಲ ಹೋಗಿ, ತಗಡಿನ ಡಬ್ಬಿಯೊಳಗೆ ಕೂತು ಹಾಡಿದ ಹಾಗಾಯಿತು. ಅದು ತಂಗಿಗೆ ತಿಳಿಯಲಿಲ್ಲ. ಅವಳು ತೆಗೆಯಹೊರಟ ಸದ್ದು ಆ ಹಾಡಿನಲ್ಲಿ ಇರಲೇ ಇಲ್ಲ.

ನಾನು ಅಲ್ಲಿದ್ದ ದಿನವೇ ಅಜ್ಜ ಸಿಡಿ ಹಿಡಿದುಕೊಂಡು ಬಂದರು. ಜಗಳಕ್ಕೆ ಬಂದವರಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತು ಹೇಳಿದರು: "ಸಿಟ್ಟಾಗಬ್ಯಾಡವ್ವ. ಇದು ಆಕಿ ದನಿ ಅಲ್ಲ. ನನ್ನ ಮನಿಯಾಕಿ ಇಷ್ಟು ತೆಳ್ಳಗ ಹಾಡಿದಾಕಿ ಅಲ್ಲ."

ತಂಗಿಯ ಮುಖ ಬಾಡಿತು. "ಹಿಂದ ಸದ್ದು ಭಾಳ ಇತ್ತಜ್ಜ. ಅದನ್ನ ತೆಗಿಯಾಕ ಹೋಗಿ..." ಎಂದು ನನ್ನ ಕಡೆ ನೋಡಿದಳು. "ಹೇಳಣ್ಣ, ಸದ್ದು ಐತಲ್ಲ?"

ಕ್ಯಾಸೆಟ್ ಹಾಕಿಸಿ ಕೇಳಿದೆ. ಕ್ಯಾಸೆಟ್ಟಿಗೆ ಇರುವಷ್ಟು ಸಣ್ಣ ಸುಯ್ ಬಿಟ್ಟರೆ ಏನೂ ಇರಲಿಲ್ಲ. ನನಗೆ ಆ ದಿನ ಬೇರೆ ಸಿಟ್ಟು. ಅಷ್ಟು ಸಲ ಬಂದು, ಅಷ್ಟೆಲ್ಲ ಬಿಚ್ಚಿ ಹಾಕಿದರೂ ಇವಳಿಗೆ ಸರಿಬರಲಿಲ್ಲವಲ್ಲ, ನನ್ನ ಕೈಗುಣಕ್ಕೆ ಬೀಗರ ಮನೆಯಲ್ಲಿ ಹೆಸರು ಕೆಡುತ್ತಿದೆಯಲ್ಲ ಎಂಬ ಸಿಟ್ಟು. ಅಜ್ಜನೂ ಅವಳ ಅತ್ತೆಯೂ ಕೇಳುವಂತೆ ಅಂದುಬಿಟ್ಟೆ:

"ಸ್ಪೀಕರಿನ್ಯಾಗ ಇಲ್ಲ, ಕ್ಯಾಸೆಟ್ಟಿನ್ಯಾಗ ಇಲ್ಲ. ಸದ್ದು ನಿನ್ನ ತಲ್ಯಾಗ ಐತಲೇ. ಅದನ್ನ ಬಿಚ್ಚಿ ನೋಡಬೇಕಾತು ಮುಂದಿನ ಸಲ."

ಅತ್ತೆ ನಕ್ಕರು. ಅಜ್ಜ ನಗಲಿಲ್ಲ. ತಂಗಿ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿದಳು. "ಹಂಗೇ ಇರಬೇಕು ಬಿಡಣ್ಣ," ಎಂದು ಎದ್ದು ಒಳಗೆ ಹೋಗಿ ಚಹಾ ತಂದಳು.

ಆಮೇಲೆ ಅವಳು ಸದ್ದಿನ ಮಾತು ಎತ್ತಲಿಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ಕ್ಯಾಸೆಟ್ಟಿನ ಸಾಲನ್ನು ಅಳಿಸಿ, ಬರೀ ಟೈಪಿಂಗ್ ಎಂದು ಉಳಿಸಿದಳು. ಅಜ್ಜನ ಕ್ಯಾಸೆಟ್ಟನ್ನು ಮಾತ್ರ, ಇನ್ನೊಂದು ಸಲ ನೋಡುತ್ತೇನೆಂದು ಇಟ್ಟುಕೊಂಡಳು. ನಾನೋ, ಕರೆ ಬರಲಿಲ್ಲವೆಂದರೆ ಸ್ಪೀಕರ್ ಸರಿಯಾಗಿದೆ ಎಂದುಕೊಂಡು ನೆಮ್ಮದಿಯಾಗಿದ್ದೆ.

ಅವ್ವ ತೀರಿಕೊಂಡ ಮೇಲೆ ಬಂದ ನಾಗರ ಪಂಚಮಿಗೆ, ಅವಳನ್ನು ತವರಿಗೆ ಕರೆತರಲು ನಾನೇ ಹೋದೆ. ಅವ್ವನಿಲ್ಲದ ತವರೆಂದು ಅವಳಿಗೆ ಅನ್ನಿಸಬಾರದೆಂದು ಹೆಂಡತಿ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿ ನನ್ನ ಕೈಯಲ್ಲಿತ್ತು. ತಂಗಿ ಕಂಪ್ಯೂಟರಿನ ಮುಂದೆ ಕೂತು ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಹೊಸ ಮೊಬೈಲನ್ನು ಅವಳ ಎಡಗಡೆಯ ಸ್ಪೀಕರಿನ ಹತ್ತಿರ ಇಟ್ಟೆ.

ಆ ಕಾಲದ ಮೊಬೈಲ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಕರೆ ಬರುವ ಮೊದಲೇ ಹತ್ತಿರದ ಸ್ಪೀಕರ್ ಟಡ್ ಟಡ್ ಟರ್ರ್ ಎಂದು ಒದರಲು ಶುರು ಮಾಡುತ್ತದೆ. ಫ್ಯಾನಿನ ಗರಗರದ ನಡುವೆ ಸ್ಪೀಕರ್ ಹಾಗೆ ಒದರಿತು. ನಾನು ಬೆಚ್ಚಿ ಕೈ ಚಾಚಿದೆ. ಬಾಗಿಲಲ್ಲಿ ಅತ್ತೆ, "ಏನ್ರೀ ಅದು?" ಎಂದರು. ತಂಗಿ ತಲೆ ಎತ್ತಲಿಲ್ಲ. ಅವಳ ಬೆರಳುಗಳು ಒಂದು ಚೂರೂ ತಡವರಿಸದೆ ಟೈಪ್ ಮಾಡುತ್ತಲೇ ಇದ್ದವು.

ಬಂದ ಕರೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಎದ್ದು ಅವಳ ಎಡಕ್ಕೆ ನಿಂತು ಮೆಲ್ಲಗೆ, "ಲೇ ತಂಗಿ," ಎಂದೆ. ಇಲ್ಲ. ಬಲಕ್ಕೆ ಬಂದು ಅಷ್ಟೇ ಮೆಲ್ಲಗೆ ಕರೆದೆ.

"ಏನಣ್ಣ?" ಎಂದು ತಿರುಗಿದಳು.

"ಆ ಸದ್ದು ಈಗಲೂ ಐತೇನ?"

ಅವಳು ಮತ್ತೆ ಕೀಲಿಮಣೆಯ ಕಡೆ ತಿರುಗಿದಳು. ನಾನು ಸ್ಪೀಕರಿನ ಜಾಕ್ ಕಿತ್ತೆ.

"ಈಗ?"

"ಬಿಡಣ್ಣ, ಆ ಮಾತ್ಯಾಕ ಈಗ."

ಸ್ಪೀಕರಿನ ಪ್ಲಗ್ ಕಿತ್ತೆ. ಕಂಪ್ಯೂಟರ್ ಬಂದ್ ಮಾಡಿಸಿದೆ. ಕೊನೆಗೆ ಬಾಗಿಲ ಹಿಂದೆ ಹೋಗಿ ಮನೆಯ ಮೇನ್ ಇಳಿಸಿದೆ. ಫ್ಯಾನು ತಿರುಗಿ ತಿರುಗಿ ನಿಂತಿತು. ಕೋಣೆಯಲ್ಲಿ ಸದ್ದೆಂಬುದೇ ಇರಲಿಲ್ಲ.

"ಈಗ ಹೇಳವ್ವ."

"ಐತಿ," ಎಂದಳು. ಕಣ್ಣು ತುಂಬಿದ್ದವು. "ಯಾವಾಗಲೂ ಐತಿ."

ಎಲ್ಲವನ್ನೂ ಒಂದೊಂದಾಗಿ ಕಿತ್ತು ನೋಡುವುದು ನನ್ನ ಕಸುಬಿನ ಮೊದಲ ಪಾಠ. ಮೊದಲೇ ಪೂರ್ತಿ ಮಾಡಬೇಕಿದ್ದ ಆ ಕೆಲಸವನ್ನು ಮುಗಿಸುವಷ್ಟರಲ್ಲಿ ವರ್ಷಗಳು ಕಳೆದಿದ್ದವು.

"ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಕೇಳುವ ಮುಖ ನನಗಿರಲಿಲ್ಲ.

"ನೀನ ಹೇಳಿದ್ಯಲ್ಲ, ತಲ್ಯಾಗ ಐತಿ ಅಂತ. ನನಗೂ ಹಂಗ ಅನಿಸ್ತು. ತಲಿ ಕೆಟ್ಟೈತಿ ಅಂತ ಮಂದಿ ಅಂದಾರು ಅಂತ ಸುಮ್ಮನಿದ್ದೆ."

ಪಂಚಮಿ ಮುಗಿದ ಮೇಲೆ ಅವಳನ್ನು ಹರಪನಹಳ್ಳಿ ಮೇಲೆ ದಾವಣಗೆರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಕಿವಿ ಡಾಕ್ಟರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿದರು. ನಾನು ಗಾಜಿನ ಈಚೆಯಿಂದ ನೋಡುತ್ತಿದ್ದೆ. ಬಲಗಿವಿಯ ಸರದಿಯಲ್ಲಿ ಅವಳ ಕೈ ಚುರುಕಾಗಿ ಏಳುತ್ತಿತ್ತು. ಎಡಗಿವಿಯ ಸರದಿ ಬಂದಾಗ ತೊಡೆಯ ಮೇಲೆ ಇಟ್ಟ ಕೈ ಅಲ್ಲೇ ಉಳಿಯಿತು. ಚಿಕ್ಕಂದಿನಲ್ಲಿ ಬಾಕ್ಸಿಗೆ ಕಿವಿ ಹಚ್ಚಿದಾಗ ಮುಚ್ಚುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿಕೊಂಡಿದ್ದಳು.

ಹೊರಗೆ ಬಂದ ಮೇಲೆ ಡಾಕ್ಟರು ಕೇಳಿದರು: "ಸಣ್ಣವರಿದ್ದಾಗ ಈ ಕಿವಿ ಹತ್ತಿರ ಏನಾದರೂ ಭಾರೀ ಸದ್ದು ಆಗಿತ್ತಾ? ಪಟಾಕಿ, ಮತ್ತೊಂದು?"

"ಇಲ್ರಿ," ಎಂದಳು ತಂಗಿ, ತಡಮಾಡದೆ.

ನಾನು ನೆಲ ನೋಡಿದೆ. ಆಗಿತ್ತು.

ಹರಪನಹಳ್ಳಿ ಕಡೆಯ ಅರಸೀಕೆರೆ ಹತ್ತಿರದ ಒಂದು ಹಳ್ಳಿಯ ಮದುವೆ. ತಂಗಿ ಇನ್ನೂ ಲಂಗ ಹಾಕುವ ವಯಸ್ಸು. ಅಕ್ಷತೆಗೆ ಹೊತ್ತಾಗಿತ್ತು, ಬಾಕ್ಸಿನಲ್ಲಿ ದುಂಬಿ ಕೂತುಬಿಟ್ಟಿತ್ತು. "ಏನಪ್ಪಾ ಮೈಕಿನವನ, ಹುಡುಗ ಹುಡುಗಿ ಮುದುಕರಾಗಾಕತ್ತಾರ," ಎಂದು ಜನ ನಗುತ್ತಿದ್ದರು. "ಹತ್ರ ಹೋಗು, ಕಿವಿ ಹಚ್ಚಿ ಕೇಳು," ಎಂದು ತಂಗಿಗೆ ಕೂಗಿದೆ. ಅವಳು ಎಡಗಿವಿಯನ್ನು ಬಾಕ್ಸಿಗೆ ಒತ್ತಿದಳು. ನಾನು ಮೈಕಿನ ವೈರು ಕಿತ್ತು ಮತ್ತೆ ಚುಚ್ಚಿದೆ. ಚುಚ್ಚುವ ಮೊದಲು ವಾಲ್ಯೂಮ್ ಇಳಿಸಬೇಕು. ಈ ಕೆಲಸ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಮಾತು ಇದು. ಅವಸರದಲ್ಲಿ ಇಳಿಸಲಿಲ್ಲ. ಬಾಕ್ಸು ಗುಂಡು ಹೊಡೆದ ಹಾಗೆ ಸಿಡಿಯಿತು. ತಂಗಿ ಕಿವಿ ಹಿಡಿದುಕೊಂಡು ನೆಲಕ್ಕೆ ಕೂತಳು.

ರಕ್ತ ಬರಲಿಲ್ಲ. ಅಳುವೂ ಬೇಗ ನಿಂತಿತು. ಆ ದಿನವೆಲ್ಲ ನಾನು ಕರೆದಾಗ ಬೇರೆ ಯಾವುದೋ ದಿಕ್ಕಿಗೆ ತಿರುಗಿ ನೋಡುತ್ತಿದ್ದಳು. ವಾಪಸು ಬರುವಾಗ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿ, "ಅವ್ವಗ ಹೇಳಬ್ಯಾಡ. ಹೇಳಿದ್ರ ಮತ್ತ ನಿನ್ನ ಕರ್ಕೊಂಡು ಬರಂಗಿಲ್ಲ," ಎಂದೆ. ಅವಳು ಮಿರ್ಚಿ ಕಚ್ಚುತ್ತಲೇ ತಲೆ ಆಡಿಸಿದಳು. ನನ್ನ ಜೊತೆ ಬರುವುದೆಂದರೆ ಅವಳಿಗೆ ಅಷ್ಟು ಆಸೆ. ಕೆಲವು ದಿನಕ್ಕೆ ಮತ್ತೆ ಎಂದಿನಂತೆ ದುಂಬಿ, ಸೊಳ್ಳೆ ಎನ್ನತೊಡಗಿದಳು. ಯಾವ ಕಿವಿಯಿಂದ ಕೇಳುತ್ತಾಳೆಂದು ನಾನು ನೋಡಲಿಲ್ಲ. ಆ ಮದುವೆಯನ್ನು ಮರೆತೆ ಎಂದರೆ ಸುಳ್ಳಾಗುತ್ತದೆ. ನೆನೆಯದೆ ಇದ್ದೆ, ಅಷ್ಟೇ.

ಡಾಕ್ಟರು ಎಡಗಿವಿಯ ಶಕ್ತಿ ಬಹುಪಾಲು ಹೋಗಿದೆ, ಒಳಗಿನ ಸದ್ದಿಗೆ ಪೂರ್ತಿ ಔಷಧವಿಲ್ಲ, ಬಲಗಿವಿ ಚೆನ್ನಾಗಿದೆ ಎಂದರು. ಯಾವುದರಿಂದ ಆಯಿತೆಂದು ಈಗ ಹೇಳಲಾಗದು, ಜ್ವರದಿಂದಲೂ ಆಗಬಹುದು, ಸದ್ದಿನಿಂದಲೂ ಆಗಬಹುದು, ಮೊದಲೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು.

ಬಸ್ಸಿನಲ್ಲಿ ತಂಗಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. ಯಾವಾಗಲೂ ಕಿಟಕಿಗೆ ಹಟ ಮಾಡುವವಳು. "ನೀ ಆ ಕಡಿ ಕುಂದ್ರು. ಈ ಕಡಿ ಕುಂತ್ರ ನಿನ್ನ ಮಾತು ಕೇಳಂಗಿಲ್ಲ," ಎಂದಳು. ಇಷ್ಟು ವರ್ಷ ಮನೆಯಲ್ಲಿ, ಮದುವೆಗಳಲ್ಲಿ ಅವಳು ಎಲ್ಲರ ಎಡಕ್ಕೇ ಕೂರುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಹರಪನಹಳ್ಳಿ ಬರುವ ತನಕ ಹೇಳಬೇಕೆಂದು ಮಾತು ಕೂಡಿಸಿದೆ. ಬಸ್ಸು ಆ ಮಂಡಕ್ಕಿ ಅಂಗಡಿಯ ಮುಂದೆಯೇ ನಿಂತಿತು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, "ಮಿರ್ಚಿ ತಿನ್ನೂಣೇನು?" ಎಂದಳು. ಇಳಿದು ತಂದೆ. ತಿಂದೆವು. ಹೇಳಲಾಗಲಿಲ್ಲ.

ಅಲ್ಲಿಂದ ಮುಂದೆ ಬಿಡುವಾದಾಗಲೆಲ್ಲ ಹಗರಿಬೊಮ್ಮನಹಳ್ಳಿಗೆ ಹೋಗತೊಡಗಿದೆ. ಅಜ್ಜನ ಕ್ಯಾಸೆಟ್ ಮತ್ತೆ ತೆಗೆಸಿದೆ. ಅವಳು ಕಂಪ್ಯೂಟರ್ ನಡೆಸಬೇಕು, ನಾನು ಕಣ್ಣು ಮುಚ್ಚಿ ಕೇಳಬೇಕು. ಕೆಲಸ ಅದಲುಬದಲಾಗಿತ್ತು.

"ಹೇಳು, ಮೀಟರ್," ಎಂದು ಅವಳು ನನ್ನನ್ನು ಛೇಡಿಸುತ್ತಿದ್ದಳು.

"ಇಲ್ಲೊಂದು ಒಗ್ಗರಣಿ ಐತಿ. ತೆಗಿ. ಸಾಕು. ಸಾಕಂದೆ! ಇನ್ನ ಮುಟ್ಟಬ್ಯಾಡ, ದನಿ ಹೋಗ್ತೈತಿ."

"ಹಿಂದ ಸುಯ್ ಅಂತಿಲ್ಲ?"

"ಅನ್ನಲಿ ಬಿಡು. ಕ್ಯಾಸೆಟ್ಟು ಅಷ್ಟರ ಉಸಿರಾಡಬಾರದೇನು?"

ಅಜ್ಜ ಬಂದು ಕೇಳಿದರು. ಮೊದಲ ಪದ ಮುಗಿಯುವ ತನಕ ರುಮಾಲನ್ನು ಮುಖಕ್ಕೆ ಹಿಡಿದಿದ್ದರು. "ಹಾಂ. ಈಗ ಬಂದ್ಲು ನೋಡವ್ವ, ಮನಿಗೆ," ಎಂದರು. ತಂಗಿ ಬೋರ್ಡಿನಲ್ಲಿ ಕ್ಯಾಸೆಟ್ಟಿನ ಸಾಲನ್ನು ಮತ್ತೆ ಬರೆಸಿದಳು. ಅದು ಸಾಲದೆಂಬಂತೆ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ತಂಗಿಗಾಗಿ ಎಷ್ಟು ಓಡಾಡುತ್ತಾನೆ, ಇಂಥ ಅಣ್ಣ ಎಲ್ಲರಿಗೂ ಸಿಗಲಿ ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿದರು. ಆ ಹೊಗಳಿಕೆ ಕೇಳುತ್ತ ಕೂರುವುದು ಬೈಗುಳಕ್ಕಿಂತ ಕಷ್ಟವಾಯಿತು. ಹಾಗೇ ಇನ್ನೂ ಕೆಲವು ವರ್ಷ ಕೂತೆ.

ಒಂದು ಬೆಳಿಗ್ಗೆ ಹೋದಾಗ ಅವಳು ಹಿತ್ತಲಲ್ಲಿದ್ದಳು. ತುಳಸಿಗೆ ಹಾಕಿ ಉಳಿದ ನೀರನ್ನು ಪೈಪಿನ ಬುಡಕ್ಕೆ ಹಾಕುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಗೋಡೆಯಾಚೆ ನಳದ ಹತ್ತಿರ ಹೆಣ್ಣುಮಕ್ಕಳು ಕೊಡ ಇಟ್ಟುಕೊಂಡು ನಿಂತಿದ್ದರು. ಇಂದು ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು. ಅವಳ ಪಕ್ಕಕ್ಕೆ ಹೋಗಿ, ಅತ್ತೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ಹೇಳಬೇಕೆಂದು ಕೂಡಿಸಿಟ್ಟಿದ್ದನ್ನೆಲ್ಲ ಹೇಳಿದೆ.

ಅವಳು ನೀರು ಹಾಕಿ ಮುಗಿಸಿ, ತಂಬಿಗೆ ಕೆಳಗಿಟ್ಟು, ತಿರುಗಿ ನೋಡಿ ಬೆಚ್ಚಿದಳು. "ಅಯ್ಯ, ಯಾವಾಗ ಬಂದಿ? ಏನರ ಅಂದ್ಯೇನು?"

ನಾನು ಅವಳ ಎಡಕ್ಕೆ ನಿಂತಿದ್ದೆ. ಇಷ್ಟೆಲ್ಲ ಆದ ಮೇಲೂ.

ಬಲಕ್ಕೆ ಬಂದೆ. ಕೂಡಿಸಿಟ್ಟ ಮಾತು ಖಾಲಿಯಾಗಿತ್ತು. ಬೇರೆಯದೇ ಬಾಯಿಗೆ ಬಂತು. "ಆವತ್ತು ದಾವಣಗೇರಿಯಾಗ ಡಾಕ್ಟರು ಕೇಳಿದಾಗ, ಇಲ್ರಿ ಅಂತ ಯಾಕ ಅಂದಿ? ಅರಸೀಕೆರಿ ಮದುವಿ ನಿನಗ ನೆನಪಿಲ್ಲೇನು?"

"ನೆನಪೈತಿ," ಎಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಯಾರಿಗೂ ಹೇಳಬ್ಯಾಡ ಅಂದಿದ್ಯಲ್ಲ ನೀನು. ಮಿರ್ಚಿ ಬ್ಯಾರೆ ಕೊಡಿಸಿದ್ದಿ."

ಅಷ್ಟು ಹೇಳಿ ನಕ್ಕಳು. ಲಂಗ ಹಾಕಿಕೊಂಡು ಬಸ್ಸಿನಲ್ಲಿ ನನ್ನ ತೋಳಿಗೆ ಒರಗಿ ಮಲಗುತ್ತಿದ್ದವಳ ನಗೆಯೇ. ತಪ್ಪಾಯಿತು ಎಂದು ಬಾಯೊಳಗೇ ಅಂದೆ.

"ಜೋರಾಗಿ ಹೇಳಣ್ಣ," ಎಂದಳು. "ನಳದಾಗ ನೀರು ಬಂತು, ಆ ಸದ್ದಿನ್ಯಾಗ ಕೇಳವಲ್ದು."

ಅತ್ತೆ ಶೇಂಗಾ ಸುಲಿಯುವುದು ನಿಲ್ಲಿಸಿದ್ದರು. ಗೋಡೆಯಾಚೆಯ ಹೆಣ್ಣುಮಕ್ಕಳು ಇತ್ತ ತಿರುಗಿದ್ದರು. ಇಷ್ಟು ವರ್ಷ ಯಾರ ಕಿವಿಗೂ ಬೀಳಬಾರದೆಂದು ಕಾದಿಟ್ಟ ಮಾತನ್ನು, ಎಲ್ಲರಿಗೂ ಕೇಳುವ ಹಾಗೆ ಹಿತ್ತಲಲ್ಲಿ ನಿಂತು ಕೂಗಿ ಹೇಳಿದೆ:

"ತಪ್ಪು ನಂದವ್ವ! ಆವತ್ತು ವಾಲ್ಯೂಮ್ ಇಳಿಸದಂಗ ವೈರ್ ಚುಚ್ಚಿದವ ನಾನು. ನಿನ್ನ ಬಾಯಿ ಕಟ್ಟಿದವ ನಾನು. ನೀ ಹೊಳಿ ಸದ್ದು ಅಂದ್ರ ನಕ್ಕವನೂ ನಾನ. ತಪ್ಪಾತು ತಂಗಿ, ಹೊಟ್ಟ್ಯಾಗ ಹಾಕ್ಕೋ."